ಓದುಗರ ಪ್ರಶ್ನೆ: ಕ್ರೈಸ್ತ ಶಾಲೆಯ ಗುರಿ ಎಲ್ಲಿ ಕಾಣುತ್ತದೆ?

ಪ್ರಶ್ನೆ: ಮಗಳನ್ನು ಊರಿನ ಕಾನ್ವೆಂಟಿಗೆ ಸೇರಿಸಬೇಕೆಂದಿದ್ದೇವೆ. ಪ್ರಾಸ್ಪೆಕ್ಟಸ್ ತುಂಬ 'ಸರ್ವತೋಮುಖ ಬೆಳವಣಿಗೆ', 'ಮೌಲ್ಯಾಧಾರಿತ ಶಿಕ್ಷಣ' ಎಂದೇ ಇದೆ. ಎಲ್ಲ ಖಾಸಗಿ ಶಾಲೆಗಳೂ ಬರೆಯುವುದು ಇದನ್ನೇ. ಕ್ರೈಸ್ತ ಶಾಲೆಗೆ ಬೇರೆ ಗುರಿ ಇದೆಯೇ?
(ಪೋಷಕರು, ಪುತ್ತೂರು)

ಉತ್ತರ: ಇದೆ. ಆದರೆ ಎಲ್ಲ ಕ್ರೈಸ್ತ ಶಾಲೆಗಳೂ ಒಂದೇ ಅಚ್ಚಿನವಲ್ಲ, ಆದ್ದರಿಂದ ನಡೆಸುವವರು ಯಾರೆಂದು ಮೊದಲು ಕೇಳಿ. ನಿಮ್ಮ ಕರಾವಳಿಯನ್ನೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪ್ರಾಟೆಸ್ಟಂಟರದು. ಬೈಬಲನ್ನು ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ತಾವೇ ಓದಬೇಕು ಎಂಬುದು ಅವರ ನಂಬಿಕೆ. ಹಾಗಾಗಿ ಕನ್ನಡ ಶಾಲೆ ಬಂತು, ಅಚ್ಚುಕೂಟ ಬಂತು. ಈ ಮಿಷನ್ನಿನ ಮೊಗ್ಲಿಂಗರ 1843ರ ಪತ್ರಿಕೆ 'ಮಂಗಳೂರ ಸಮಾಚಾರ', ಕಿಟೆಲರ 1894ರ ಕನ್ನಡ-ಇಂಗ್ಲಿಷ್ ನಿಘಂಟು ಹುಟ್ಟಿದ್ದೂ ಇದೇ ಬೇರಿನಿಂದ. ಮತಪ್ರಚಾರವೂ ಗುರಿಯಾಗಿತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. 1880ರಲ್ಲಿ ಅದೇ ಊರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಜೆಸ್ವಿಟರು ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘದವರು. ಅವರ ಒತ್ತು ಇಂಗ್ಲಿಷ್ ಮತ್ತು ವಿಶ್ವವಿದ್ಯಾಲಯದ ಪರೀಕ್ಷೆಗಳ ಮೇಲಿತ್ತು. 1973ರಲ್ಲಿ ಜೆಸ್ವಿಟ್ ಮುಖ್ಯಸ್ಥ ಪೆದ್ರೊ ಅರುಪೆ ತಮ್ಮ ಶಾಲೆಗಳಿಂದ 'ಇತರರಿಗಾಗಿ ಬದುಕುವವರು' ಹೊರಬರಬೇಕು ಎಂದರು. ಅಲ್ಲಿಂದಾಚೆ ಜೆಸ್ವಿಟ್ ಶಾಲೆಗಳೆಲ್ಲ ಈ ಮಾತನ್ನೇ ಹಿಡಿದಿವೆ.

ಇಂಥ ಗುರಿಗೆ ನಿಮ್ಮ ಶಾಲೆಯಲ್ಲಿ ಎಷ್ಟು ಜೀವವಿದೆ ಎಂದು ತಿಳಿಯಬೇಕಾದರೆ ಪ್ರಾಸ್ಪೆಕ್ಟಸ್ ಬದಿಗಿಟ್ಟು ವೇಳಾಪಟ್ಟಿ ಕೇಳಿ. ನೀತಿಶಿಕ್ಷಣದ ಪೀರಿಯಡ್ ಯಾವ ದಿನ, ಎಷ್ಟನೆಯದು? ಶನಿವಾರದ ಕೊನೆಯ ಪೀರಿಯಡ್ ಆಗಿದ್ದರೆ ಅದು ಅರ್ಧ ವರ್ಷ ನಡೆಯುವುದೇ ಇಲ್ಲ. ಹತ್ತನೇ ತರಗತಿಯವರಿಗೂ ಇದೆಯೇ, ಅಥವಾ ಜನವರಿ ಬಂದೊಡನೆ ಗಣಿತಕ್ಕೆ ಹೋಗುತ್ತದೆಯೇ? ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಶಾಲೆ ಮುಗಿದ ಮೇಲೆ ಯಾರು ಕೂತು ಹೇಳಿಕೊಡುತ್ತಾರೆ? ಇಷ್ಟಕ್ಕೆ ನೇರ ಉತ್ತರ ಸಿಕ್ಕರೆ ಸಾಕು.

ಪ್ರಶ್ನೆ: ನಾವು ಹಿಂದೂಗಳು. ಮಗ ಬೈಬಲ್ ತರಗತಿಯಲ್ಲಿ ಕೂರಲೇಬೇಕೇ?
(ತಾಯಿ, ಹಾಸನ)

ಉತ್ತರ: ಬೇಕಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಆರಾಧನೆಗೆ ಅಪ್ರಾಪ್ತ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಹೇಳುವುದು ಇದನ್ನೇ. ಜೂನ್ ತಿಂಗಳಲ್ಲೇ ಮುಖ್ಯೋಪಾಧ್ಯಾಯರಿಗೆ ಎರಡು ಸಾಲಿನ ಪತ್ರ ಬರೆದು, ಇನ್ನೊಂದು ಪ್ರತಿಗೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಅನೇಕ ಕ್ಯಾಥೊಲಿಕ್ ಶಾಲೆಗಳಲ್ಲಿ ಈ ತೊಡಕೇ ಬರುವುದಿಲ್ಲ: ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ (ಕೊಂಕಣಿಯವರ ಬಾಯಲ್ಲಿ 'ದೊತೊರ್ನ್') ಹೋದಾಗ ಉಳಿದವರಿಗೆ ನೀತಿಶಿಕ್ಷಣ ನಡೆಯುತ್ತದೆ. ಆ ಹೊತ್ತಿನಲ್ಲಿ ಮಗ ಎಲ್ಲಿ ಕೂರುತ್ತಾನೆ, ಜೊತೆಗೆ ಯಾರಿರುತ್ತಾರೆ ಎಂಬುದನ್ನೂ ಕೇಳಿಡಿ. ಮಗು ಜಗಲಿಯಲ್ಲಿ ಒಂಟಿಯಾಗಿ ಉಳಿದರೆ ಪತ್ರ ಬರೆದದ್ದೇ ಶಿಕ್ಷೆಯಾಗಿಬಿಡುತ್ತದೆ.

ಪ್ರಶ್ನೆ: ನಮ್ಮದು ಅನುದಾನಿತ ಶಾಲೆ. 'ಸೇವಾಮನೋಭಾವ' ಎಂದು ಗುರಿ ಬರೆದಿದ್ದೇವೆ. ಅದನ್ನು ತರಗತಿಗೆ ಇಳಿಸುವುದು ಹೇಗೆ?
(ಶಿಕ್ಷಕಿ, ಶಿವಮೊಗ್ಗ)

ಉತ್ತರ: ಮೊದಲು ಲೆಕ್ಕ ಹಾಕಿ. 6ರಿಂದ 8ನೇ ತರಗತಿಗೆ ಕಾನೂನಿನ ಪ್ರಕಾರ ವರ್ಷಕ್ಕೆ 220 ಕೆಲಸದ ದಿನ, 1000 ಗಂಟೆ ಬೋಧನೆ. ವಾರಕ್ಕೊಂದು 40 ನಿಮಿಷದ ನೀತಿಶಿಕ್ಷಣದಲ್ಲಿ ರಜೆ, ಪರೀಕ್ಷೆ, ಕ್ರೀಡಾದಿನ ಕಳೆದು 30 ಪೀರಿಯಡ್ ಸಿಕ್ಕರೂ ಒಟ್ಟು 20 ಗಂಟೆ. ಸಾವಿರದಲ್ಲಿ ಇಪ್ಪತ್ತು! ಗುರಿಯನ್ನು ಅಷ್ಟರಲ್ಲೇ ಕೂಡಿಹಾಕಿದರೆ ಅದು ನೋಟ್ಸ್ ಬರೆಸುವ ಇನ್ನೊಂದು ವಿಷಯವಾಗುತ್ತದೆ. ಅದಕ್ಕೆ ಗಣಿತದಲ್ಲಿ, ವಿಜ್ಞಾನದಲ್ಲಿ, ಊಟದ ಸಾಲಿನಲ್ಲಿ ಜಾಗ ಹುಡುಕಬೇಕು.

ಜೆಸ್ವಿಟರು 1993ರಲ್ಲಿ ಹೊರತಂದ ಬೋಧನಾಕ್ರಮದಲ್ಲಿ ಐದು ಹಂತಗಳಿವೆ: ಸಂದರ್ಭ, ಅನುಭವ, ಮನನ, ಕ್ರಿಯೆ, ಮೌಲ್ಯಮಾಪನ. ಬಿಸಿಯೂಟವನ್ನೇ ತೆಗೆದುಕೊಂಡು ಏಳನೇ ತರಗತಿಯಲ್ಲಿ ಮಾಡಿನೋಡಿ. ತಟ್ಟೆಯಲ್ಲಿ ಉಳಿದ ಅನ್ನವನ್ನು ಐದು ದಿನ ಒಂದೇ ಬಕೆಟಿಗೆ ಹಾಕಿಸಿ. ಸಾರು ಬಸಿದು, ಖಾಲಿ ಬಕೆಟಿನ ತೂಕ ಕಳೆದು, ದಿನದಿನದ ತೂಕವನ್ನು ಮಕ್ಕಳೇ ಬರೆಯಲಿ. ಎಷ್ಟು ಮಕ್ಕಳ ಪಾಲು ಹಾಳಾಯಿತು ಎಂಬ ಲೆಕ್ಕದಲ್ಲಿ ತಪ್ಪುವುದು ಸಾಮಾನ್ಯ. ಹಿರಿಯ ಪ್ರಾಥಮಿಕ ಮಗುವಿಗೆ 150 ಗ್ರಾಂ ಎಂಬುದು ಅಕ್ಕಿಯ ಅಳತೆ. ಬೆಂದಾಗ ಅದು ಎರಡೂವರೆ, ಮೂರು ಪಟ್ಟು ತೂಗುತ್ತದೆ. 6 ಕಿಲೋ ಅನ್ನ ಉಳಿದರೆ ಅದನ್ನು 150ರಿಂದ ಭಾಗಿಸಿ 40 ಮಕ್ಕಳ ಪಾಲು ಎನ್ನಬೇಡಿ. 400 ಗ್ರಾಮಿನಿಂದ ಭಾಗಿಸಿ, 15 ಬರುತ್ತದೆ.

ಮನನದ ದಿನ ಕೇಳಬೇಕಾದ್ದು 'ಯಾರು ಚೆಲ್ಲಿದರು' ಎಂದಲ್ಲ, 'ಯಾಕೆ ಉಳಿಯಿತು' ಎಂದು. ಹೆಸರು ಹಿಡಿದು ಬೈದರೆ ಮರುದಿನ ಮಕ್ಕಳು ಅನ್ನವನ್ನು ಕಾಂಪೌಂಡಿನಾಚೆ ಎಸೆಯುತ್ತಾರೆ, ಬಕೆಟ್ ಹಗುರವಾಗುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಎಲ್ಲರಿಗೂ ಒಂದೇ ದೊಡ್ಡ ಸೌಟು, ಸಾರು ಬೇಗ ಮುಗಿದದ್ದು, ಹತ್ತು ಗಂಟೆಗೆ ತಿಂದ ಬಿಸ್ಕತ್ತು... ಕಾರಣಗಳು ತಾವಾಗಿ ಹೊರಬರುತ್ತವೆ. ಮೊದಲು ಅರ್ಧ ಸೌಟು, ಬೇಕಾದವರಿಗೆ ಮತ್ತೆ ಎಂಬ ಪದ್ಧತಿಯನ್ನು ಬಡಿಸುವ ಅಕ್ಕಂದಿರೊಡನೆ ಮಕ್ಕಳೇ ಮಾತಾಡಿ ಗೊತ್ತುಮಾಡಲಿ, ಅದೇ ಅವರ ಕ್ರಿಯೆ. ಮತ್ತೆ ಐದು ದಿನ ತೂಗಿ. ಮೌಲ್ಯಮಾಪನಕ್ಕೆ ಎರಡು ವಾರಗಳ ಅಂಕಿಗಳು ಮತ್ತು ಪ್ರತಿ ಮಗು ಬರೆದ ಮೂರು ಸಾಲು ಸಾಕು, ಅಂಕ ಕೊಡಬೇಡಿ. ಅಂಕ ಬಂದ ಕೂಡಲೇ ಮಕ್ಕಳು ನಿಮಗೆ ಬೇಕಾದದ್ದನ್ನು ಬರೆಯುತ್ತಾರೆ.

ಪ್ರಶ್ನೆ: ಕ್ರೈಸ್ತ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗುತ್ತದೆಯೇ?
(ಓದುಗರು, ಬಳ್ಳಾರಿ)

ಉತ್ತರ: ಖಾಸಗಿ ಶಾಲೆಗಳು ಶೇ. 25ರಷ್ಟು ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕು ಎಂಬ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ನಿಯಮ ಅಲ್ಪಸಂಖ್ಯಾತ ಶಾಲೆಗೆ ಅನ್ವಯಿಸದು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಹೀಗೆ ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ದ್ವಿಸದಸ್ಯ ಪೀಠವೊಂದು ಆ ತೀರ್ಪನ್ನು ಮರುಪರಿಶೀಲಿಸಬೇಕೆಂದು ಅಭಿಪ್ರಾಯಪಟ್ಟಿದೆ. ಸಂತರ ಹೆಸರಿದ್ದ ಮಾತ್ರಕ್ಕೆ ಅದು ಅಲ್ಪಸಂಖ್ಯಾತ ಸಂಸ್ಥೆಯಾಗುವುದಿಲ್ಲ. ಅಲ್ಪಸಂಖ್ಯಾತ ಸ್ಥಾನಮಾನದ ಪ್ರಮಾಣಪತ್ರ ಇದೆಯೇ ಎಂದು ಶಾಲೆಯಲ್ಲಿ, ಇಲ್ಲವೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ವಿಚಾರಿಸಿ.