ಲವ್‌ಡೇ ಅಂದ್ರೆ ಪ್ರೇಮಿಗಳ ದಿನ ಅಲ್ಲ, ರಾಜಿ ದಿನ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಇಂಗ್ಲೆಂಡಿನ ಗ್ರಾಹಕರ ವಿಮೆ ಫೈಲುಗಳನ್ನು ನೋಡುವ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಒಂದು ಅರ್ಜಿ ಬಂತು. ಮೊದಲ ಹೆಸರಿನ ಜಾಗದಲ್ಲಿ ‘ಲವ್‌ಡೇ’ ಅಂತಿತ್ತು. ಸರ್‌ನೇಮ್ ‘ಟ್ರೆ’ ಅಂತ ಶುರುವಾಗುತ್ತಿತ್ತು. ಎರಡೂ ಅದಲು ಬದಲಾಗಿವೆ ಅಂದುಕೊಂಡು ತಿದ್ದಿ ಕಳಿಸಿದೆ. ಫೈಲು ವಾಪಸ್ ಬಂತು, ಜೊತೆಗೆ ಬೈಗುಳವೂ ಬಂತು. ಲವ್‌ಡೇ ಅಂತ ನಿಜಕ್ಕೂ ಯಾರಾದರೂ ಹೆಸರಿಡ್ತಾರಾ? ಪ್ರೇಮಿಗಳ ದಿನ ಹುಟ್ಟಿದವರಿಗೆ ಇಡೋದಾ? ಗಂಡಸರ ಹೆಸರೋ, ಹೆಂಗಸರದೋ?
– ಓದುಗರು, ಬೆಂಗಳೂರು

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಮಾಡಿದ ತಪ್ಪನ್ನು ಇಂಗ್ಲೆಂಡಿನವರೇ ಮಾಡುತ್ತಾರೆ. ಲವ್‌ಡೇ ಅನ್ನುವುದು ಅಲ್ಲಿ ಸರ್‌ನೇಮ್ ಆಗಿಯೇ ಜಾಸ್ತಿ ಬಳಕೆಯಲ್ಲಿದೆ. ಮೊದಲ ಹೆಸರಾಗಿ ಅದು ಬಲು ಅಪರೂಪ. ಆದರೆ ಇದು ನಿನ್ನೆ ಮೊನ್ನೆ ಯಾರೋ ಹುಟ್ಟುಹಾಕಿದ ಹೆಸರಲ್ಲ. ಏಳೆಂಟು ನೂರು ವರ್ಷದ ಹಳೇ ಹೆಸರು. ಪ್ರೇಮಿಗಳ ದಿನಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಇದರ ಹಿಂದೆ ಇರುವುದು ಪ್ರೀತಿ ಪ್ರೇಮ ಅಲ್ಲ, ಕೋರ್ಟು ಕಚೇರಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇಬ್ಬರ ನಡುವೆ ವ್ಯಾಜ್ಯ ಎದ್ದರೆ ಎರಡು ದಾರಿ ಇದ್ದವು. ಒಂದು ಕಾನೂನಿನ ದಾರಿ, ಇನ್ನೊಂದು ‘ಪ್ರೀತಿ’ಯ ದಾರಿ. ಇಲ್ಲಿ ಪ್ರೀತಿ ಅಂದರೆ ಕೂತು ಮಾತಾಡಿ ಬಗೆಹರಿಸಿಕೊಳ್ಳುವುದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ರಾಜಿ. ರಾಜಿ ಮಾತುಕತೆಗೆ ಅಂತ ಗೊತ್ತು ಮಾಡಿದ ದಿನಕ್ಕೆ ಲ್ಯಾಟಿನ್‌ನಲ್ಲಿ ‘ದೀಎಸ್ ಅಮೋರಿಸ್’ ಅನ್ನುತ್ತಿದ್ದರು, ಜನರ ಮಾತಿನಲ್ಲಿ ಅದೇ ‘ಲವ್‌ಡೇ’. 12ನೇ ಶತಮಾನದ ಆರಂಭದಲ್ಲಿ, ಒಂದನೇ ಹೆನ್ರಿಯ ಕಾಲದಲ್ಲಿ ಬರೆದ ಒಂದು ಕಾನೂನು ಗ್ರಂಥದಲ್ಲಿ ಈ ಅರ್ಥದ ಮಾತಿದೆ: ಒಪ್ಪಂದ ಕಾನೂನನ್ನು ಗೆಲ್ಲುತ್ತದೆ, ಪ್ರೀತಿ ತೀರ್ಪನ್ನು ಗೆಲ್ಲುತ್ತದೆ. ನಮ್ಮಲ್ಲಿ ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಅಂತಾರಲ್ಲ, ಅದೇ ಅನುಭವದ ಮಾತು.

ರಾಜಿ ಹೇಗೆ ನಡೆಯುತ್ತಿತ್ತು ಅಂತ ಕೇಳಿದರೆ ನಿಮಗೆ ನಮ್ಮ ಹಳ್ಳಿ ಕಟ್ಟೆ ನೆನಪಾದೀತು. ಗಿರಣಿಗೆ ಹರಿಯುವ ನೀರನ್ನು ಒಬ್ಬ ತಿರುಗಿಸಿಕೊಂಡ, ಇನ್ನೊಬ್ಬನ ದನ ಹೊಲಕ್ಕೆ ನುಗ್ಗಿತು, ಗಡಿ ಕಲ್ಲು ಯಾರೋ ಸರಿಸಿದರು. ಜಗಳ ಇಂಥದ್ದೇ. ಎರಡೂ ಕಡೆಯವರು ತಮ್ಮ ತಮ್ಮ ಪರವಾಗಿ ಒಬ್ಬಿಬ್ಬರನ್ನು ಆರಿಸುತ್ತಿದ್ದರು. ಅವರಲ್ಲೂ ಒಮ್ಮತ ಆಗದಿದ್ದರೆ ಕೊನೇ ಮಾತು ಹೇಳಲು ಇನ್ನೊಬ್ಬ ಹಿರಿಯ. ಎಷ್ಟೋ ಸಲ ಸೇರುತ್ತಿದ್ದುದು ಊರ ಚರ್ಚಿನಲ್ಲೇ. ದೇವರ ಎದುರು ಸುಳ್ಳು ಹೇಳೋದು ಸ್ವಲ್ಪ ಕಷ್ಟ ಅಲ್ವಾ? ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೂ ಅನುಮತಿ ಪಡೆದು ಹೊರಗೆ ಬಂದು ರಾಜಿ ಆಗಬಹುದಿತ್ತು.

ಇಂಥ ದಿನ ಹುಟ್ಟಿದ ಮಗುವಿಗೆ ‘ಲವ್‌ಡೇ’ ಅಂತ ಹೆಸರಿಡುತ್ತಿದ್ದರು. ಕ್ಯಾಲೆಂಡರಿನಲ್ಲಿ ಅದಕ್ಕೆ ನಿಗದಿತ ತಾರೀಕು ಇರಲಿಲ್ಲ. ಒಂದೊಂದು ಜಗಳಕ್ಕೆ ಒಂದೊಂದು ದಿನ. ಊರವರೆಲ್ಲ ಚರ್ಚಿನ ಮುಂದೆ ನೆರೆದ ದಿನವೇ ಮನೆಯಲ್ಲಿ ಕೂಸು ಹುಟ್ಟಿದರೆ, ಹೆಸರು ತಾನಾಗಿಯೇ ಬಂದಂತೆ.

ಹುಟ್ಟಿದ ದಿನವನ್ನೇ ಹೆಸರು ಮಾಡುವುದು ಆಗ ಅಲ್ಲಿ ಮಾಮೂಲು. ಜನವರಿ 6ರ ಎಪಿಫನಿ ಹಬ್ಬಕ್ಕೆ ಹುಟ್ಟಿದವಳು ಟಿಫನಿ. ಈಗ ಬಲು ಮಾಡರ್ನ್ ಅನ್ನಿಸುವ ಆ ಹೆಸರೂ ಮಧ್ಯಯುಗದ್ದೇ. ಕ್ರಿಸ್‌ಮಸ್‌ಗೆ ಹುಟ್ಟಿದವನು ನೋಯೆಲ್, ಈಸ್ಟರ್‌ಗೆ ಹುಟ್ಟಿದವನು ಪಾಸ್ಕೋ. ನಮ್ಮ ತುಳುನಾಡಿನಲ್ಲಿ ಇದು ಇನ್ನೂ ನೇರ. ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಕೊರಗಜ್ಜನ ಹೆಸರೂ ತನಿಯ ತಾನೇ?

ಹೆಸರಿನ ಮೂಲದಲ್ಲಿ ಇನ್ನೊಂದು ಎಳೆಯೂ ಬೆರೆತಿದೆ. ಹಳೇ ಇಂಗ್ಲಿಷ್‌ನಲ್ಲಿ ‘ಲೇಓಫ್’ ಅಂದರೆ ಅಚ್ಚುಮೆಚ್ಚಿನ, ‘ದೈ’ ಅಂದರೆ ದಿನ. ಎರಡೂ ಸೇರಿ ಆದ ಒಂದು ವ್ಯಕ್ತಿನಾಮ ಮೊದಲೇ ಇತ್ತು. ಉಚ್ಚಾರ ಸವೆಯುತ್ತಾ ಬಂದು ಅದೂ ಲವ್‌ಡೇ ಜೊತೆಗೇ ಸೇರಿಕೊಂಡಿತು. ಹಾಗಾಗಿ ಇವತ್ತಿನ ಲವ್‌ಡೇ ಸರ್‌ನೇಮುಗಳಲ್ಲಿ ಯಾವುದು ಯಾವ ಮೂಲದ್ದು ಅಂತ ಬಿಡಿಸುವುದು ಕಷ್ಟ.

ರಾಜಿ ದಿನ ಅಂದ ಕೂಡಲೇ ಎಲ್ಲ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ರಾಜಿ ಮಾಡಿಸುವುದೇ ಒಂದು ದಂಧೆ ಆಗಿತ್ತು. 14ನೇ ಶತಮಾನದ ಕವಿ ಚಾಸರ್ ತನ್ನ ‘ಕ್ಯಾಂಟರ್ಬರಿ ಕಥೆಗಳು’ ಕೃತಿಯಲ್ಲಿ ಒಬ್ಬ ಸನ್ಯಾಸಿಯನ್ನು ತರುತ್ತಾನೆ. ಈತ ಲವ್‌ಡೇಗಳಲ್ಲಿ ಬಹಳ ಸಹಾಯಕ್ಕೆ ಬರುತ್ತಿದ್ದನಂತೆ. ಮರುಸಾಲಿನಲ್ಲೇ ಅವನ ಬಟ್ಟೆಯ ವರ್ಣನೆ. ಮಠದ ಬಡ ಸನ್ಯಾಸಿಯ ಹಾಗೆ ನವೆದು ಹೋದ ಅಂಗಿ ಅಲ್ಲ, ದಪ್ಪ ಉಣ್ಣೆಯ ಮೇಲಂಗಿ, ಗಂಟೆಯ ಹಾಗೆ ದುಂಡಗೆ ಉಬ್ಬಿಕೊಂಡಿತ್ತು ಅಂತ. ದುಡ್ಡು ಎಲ್ಲಿಂದ ಬಂತು ಅಂತ ಕವಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಬಲಿಷ್ಠರು ಇಂಥ ದಿನಕ್ಕೆ ಆಳು ಕಾಳು, ಆಯುಧ ಸಮೇತ ಬಂದು ಎದುರಿನವರನ್ನು ಹೆದರಿಸಿ ‘ರಾಜಿ’ ಮಾಡಿಕೊಳ್ಳುವುದೂ ಇತ್ತು.

ಎಲ್ಲಕ್ಕಿಂತ ದೊಡ್ಡ ಲವ್‌ಡೇ ನಡೆದದ್ದು ಲಂಡನ್ನಿನಲ್ಲಿ, 1458ರ ಮಾರ್ಚ್ 25ರಂದು. ಮೂರು ವರ್ಷ ಮೊದಲು, 1455ರ ಮೇ ತಿಂಗಳಲ್ಲಿ ಸೇಂಟ್ ಆಲ್ಬನ್ಸ್ ಊರಿನ ಬೀದಿಗಳಲ್ಲಿ ರಾಜಮನೆತನದ ಎರಡು ಕವಲುಗಳಾದ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಬಣಗಳು ಹೊಡೆದಾಡಿದ್ದವು. ಲ್ಯಾಂಕಾಸ್ಟರ್ ಕಡೆಯ ಮೂವರು ದೊಡ್ಡ ಪ್ರಭುಗಳು ಸತ್ತಿದ್ದರು. ಸತ್ತವರ ಮಕ್ಕಳು ಸೇಡಿಗೆ ಕಾಯುತ್ತಿದ್ದರು. ಆರನೇ ಹೆನ್ರಿ ರಾಜ ಮೆದು ಸ್ವಭಾವದವನು. ಎಲ್ಲರನ್ನೂ ಕರೆಸಿ ರಾಜಿ ಮಾಡಿಸಿದ. ಸತ್ತವರ ಆತ್ಮಕ್ಕೆ ಪೂಜೆ ನಡೆಸಲು ಯಾರ್ಕ್ ಕಡೆಯವರು ವರ್ಷಕ್ಕೆ 45 ಪೌಂಡ್ ಕೊಡಬೇಕು ಅಂತ ತೀರ್ಮಾನ ಆಯಿತು. ಆಮೇಲೆ ಮೆರವಣಿಗೆ. ಯಾರ್ಕ್ ಡ್ಯೂಕ್ ಮತ್ತು ಲ್ಯಾಂಕಾಸ್ಟರ್ ಕಡೆಯ ರಾಣಿ, ಹೆನ್ರಿಯ ಹೆಂಡತಿ ಮಾರ್ಗರೆಟ್ ಕೈ ಕೈ ಹಿಡಿದು ಸೇಂಟ್ ಪಾಲ್ಸ್ ಚರ್ಚಿಗೆ ನಡೆದರು. ಹಿಂದೆ ಮುಂದೆ ಉಳಿದ ವೈರಿಗಳೂ ಜೋಡಿ ಜೋಡಿಯಾಗಿ. ಹಳೇ ಎದುರಾಳಿಗಳನ್ನು ಒಂದೇ ಫೋಟೋದಲ್ಲಿ ನಿಲ್ಲಿಸಿ ಕೈ ಎತ್ತಿಸುತ್ತಾರಲ್ಲ ಈಗಿನ ರಾಜಕೀಯದಲ್ಲಿ, ಅದೇ ತರಹ. ಫಲಿತಾಂಶವೂ ಅದೇ. 1459ರ ಸೆಪ್ಟೆಂಬರಿನಲ್ಲಿ ಮತ್ತೆ ಯುದ್ಧ ಶುರುವಾಯಿತು. 1460ರ ಡಿಸೆಂಬರಿನಲ್ಲಿ ಯಾರ್ಕ್ ಡ್ಯೂಕ್ ರಣರಂಗದಲ್ಲೇ ಸತ್ತ.

ರಾಜಿ ದಿನದ ಪದ್ಧತಿ ನಿಧಾನಕ್ಕೆ ಹೋಯಿತು. ಹೆಸರು ಮಾತ್ರ ಒಂದು ಮೂಲೆಯಲ್ಲಿ ಉಳಿಯಿತು. ಆ ಮೂಲೆಯೇ ಕಾರ್ನ್‌ವಾಲ್. ಭೂಪಟದಲ್ಲಿ ಇಂಗ್ಲೆಂಡಿನ ನೈರುತ್ಯಕ್ಕೆ ಸಮುದ್ರದೊಳಗೆ ಚಾಚಿದ ಬೆರಳಿನ ಹಾಗೆ ಕಾಣುತ್ತದಲ್ಲ, ಅದು. ಅಲ್ಲಿನವರಿಗೆ ತಮ್ಮದೇ ಆದ ಕಾರ್ನಿಷ್ ಭಾಷೆ ಇತ್ತು, ಈಗ ಅದನ್ನು ಮತ್ತೆ ಕಲಿಯುತ್ತಿದ್ದಾರೆ. ಉಳಿದ ಇಂಗ್ಲೆಂಡ್ ಮೇರಿ, ಎಲಿಜಬೆತ್, ಸಾರಾ ಅನ್ನುತ್ತಿದ್ದಾಗಲೂ ಕಾರ್ನ್‌ವಾಲ್‌ನವರು ಲವ್‌ಡೇ ಬಿಡಲಿಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ 1538ರಿಂದ ನಾಮಕರಣ, ಮದುವೆ, ಸಾವಿನ ರಿಜಿಸ್ಟರ್ ಇಡಬೇಕೆಂದು ಆಜ್ಞೆಯಾಯಿತು. ಕಾರ್ನ್‌ವಾಲ್‌ನ ಹಳೇ ರಿಜಿಸ್ಟರುಗಳಲ್ಲಿ ಲವ್‌ಡೇಗಳು ಸಿಗುತ್ತಾರೆ. ಬಾಯಿಮಾತಿನಲ್ಲಿ ಸವೆದ ‘ಲೌಡಿ’ ಅನ್ನುವ ರೂಪವೂ ಇತ್ತು. ಮಧ್ಯಯುಗದಲ್ಲಿ ಗಂಡು ಹೆಣ್ಣು ಇಬ್ಬರಿಗೂ ಇಡುತ್ತಿದ್ದ ಹೆಸರು ಇಲ್ಲಿಗೆ ಬರುವಷ್ಟರಲ್ಲಿ ಹೆಣ್ಣುಮಕ್ಕಳದಾಯಿತು. ಈಗಲೂ ಹಾಗೇ. 1990ರ ದಶಕದಲ್ಲಿ ಕಾರ್ನ್‌ವಾಲ್‌ನ ಪ್ರಾದೇಶಿಕ ಪಕ್ಷ ಮೆಬಿಯನ್ ಕರ್ನೋವನ್ನು ಮುನ್ನಡೆಸಿದವರ ಹೆಸರು ಲವ್‌ಡೇ ಜೆಂಕಿನ್.

ನಿಮ್ಮ ಕೆಲಸಕ್ಕೆ ಬರುವ ಗುಟ್ಟು ಇಲ್ಲಿದೆ. ‘ಟ್ರೆ, ಪೋಲ್, ಪೆನ್ ಕಂಡರೆ ಕಾರ್ನ್‌ವಾಲ್‌ನವರು’ ಅಂತ ಅಲ್ಲಿ ಒಂದು ಹಳೇ ಮಾತಿದೆ. ಸರ್‌ನೇಮ್ ಹೀಗೆ ಶುರುವಾದರೆ ಅದು ಕಾರ್ನಿಷ್ ಊರಿನ ಹೆಸರು ಅನ್ನುವುದು ಬಹುತೇಕ ಗ್ಯಾರಂಟಿ. ಟ್ರೆ ಅಂದರೆ ಮನೆ, ಊರು. ಪೋಲ್ ಅಂದರೆ ಕೊಳ. ಪೆನ್ ಅಂದರೆ ತಲೆ ಅಥವಾ ತುದಿ. ಹಟ್ಟಿ, ಕೆರೆ, ಕೊಪ್ಪ ಸೇರಿದ ನಮ್ಮ ಊರ ಹೆಸರುಗಳ ಹಾಗೇ. ನಿಮ್ಮ ಅರ್ಜಿದಾರರ ಸರ್‌ನೇಮ್ ‘ಟ್ರೆ’ ಅಂತ ಶುರುವಾಗಿತ್ತು ಅಂದಿರಿ. ಹಾಗಾದ್ರೆ ಲವ್‌ಡೇ ಮೊದಲ ಹೆಸರೇ.

ಜನಪ್ರಿಯತೆ ವಿಷಯ ಬೇಗ ಮುಗಿಯುತ್ತದೆ, ಯಾಕಂದ್ರೆ ಅದು ಇಲ್ಲ! ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 6 ಲಕ್ಷ ಮಕ್ಕಳು ಹುಟ್ಟುತ್ತಾರೆ. ಅಲ್ಲಿನ ಅಂಕಿಅಂಶ ಕಚೇರಿ ಪ್ರತಿ ವರ್ಷ ಹೆಸರುಗಳ ಪಟ್ಟಿ ಬಿಡುಗಡೆ ಮಾಡುತ್ತದೆ. ಕನಿಷ್ಠ 3 ಮಕ್ಕಳಿಗೆ ಇಟ್ಟಿದ್ದರೆ ಮಾತ್ರ ಹೆಸರು ಪಟ್ಟಿಗೆ ಬರುತ್ತದೆ. ಮೊದಲ 100ರಲ್ಲಿ ಲವ್‌ಡೇ ಯಾವತ್ತೂ ಕಂಡಿಲ್ಲ.

ತಮಾಷೆ ನೋಡಿ. ಜೆನಿಫರ್ ಕೂಡ ಇದೇ ಮೂಲೆಯ ಹೆಸರು. ಆರ್ಥರ್ ರಾಜನ ಹೆಂಡತಿ ಗ್ವಿನೆವಿಯರ್ ಹೆಸರಿನ ಕಾರ್ನಿಷ್ ರೂಪ ಅದು. 1906ರಲ್ಲಿ ಬರ್ನಾರ್ಡ್ ಶಾ ತನ್ನ ‘ದಿ ಡಾಕ್ಟರ್ಸ್ ಡಿಲೆಮಾ’ ನಾಟಕದ ಕಾರ್ನ್‌ವಾಲ್ ನಾಯಕಿಗೆ ಆ ಹೆಸರಿಟ್ಟ. ಅಲ್ಲಿಯವರೆಗೆ ಹೊರಗಿನವರಿಗೆ ಅದು ವಿಚಿತ್ರ ಹೆಸರು. ಅಮೆರಿಕದಲ್ಲಿ 1970ರಿಂದ 1984ರವರೆಗೆ ಹೆಣ್ಣುಮಕ್ಕಳ ಹೆಸರುಗಳಲ್ಲಿ ಅದೇ ನಂಬರ್ ಒನ್! ಲವ್‌ಡೇಗೂ ಕಾದಂಬರಿಯ ಬೆಂಬಲ ಸಿಕ್ಕಿತ್ತು. ರೋಸಮಂಡ್ ಪಿಲ್ಚರ್ 1995ರ ತಮ್ಮ ‘ಕಮಿಂಗ್ ಹೋಮ್’ ಕಾದಂಬರಿಯಲ್ಲಿ ನಾಯಕಿಯ ಗೆಳತಿಗೆ ಈ ಹೆಸರು ಕೊಟ್ಟರು. ಪುಸ್ತಕ ಓಡಿತು, ಹೆಸರು ಓಡಲಿಲ್ಲ. ನನ್ನ ಅಂದಾಜು ಇಷ್ಟೇ: ಜೆನಿಫರ್ ಅಂದರೆ ಏನು ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಇಷ್ಟ ಆಯಿತು. ಲವ್‌ಡೇ ಅಂದರೆ ಏನು ಅಂತ ಎಲ್ಲರೂ ಗೊತ್ತಿದೆ ಅಂದುಕೊಂಡಿದ್ದಾರೆ. ನೀವು ಅಂದುಕೊಂಡ ಹಾಗೆಯೇ.

ಪ್ರಶ್ನೆ: ನಾವು ಮೈಸೂರಿನವರು, ಪ್ಲಿಮತ್‌ನಲ್ಲಿದ್ದೇವೆ. ಮೂರು ವಾರದ ಹಿಂದೆ ಮಗಳು ಹುಟ್ಟಿದಳು. ಅವಳು ಹುಟ್ಟಿದ ಮೇಲೆ ನಮ್ಮೆರಡು ಮನೆಯವರ ಆರು ವರ್ಷದ ಮುನಿಸು ಮುಗಿಯಿತು. ಈ ಕಥೆ ಕೇಳಿ ಆಸ್ಪತ್ರೆಯ ಕಾರ್ನಿಷ್ ನರ್ಸ್ ಒಬ್ಬರು ‘ಲವ್‌ಡೇ ಅಂತ ಇಡಿ’ ಅಂದರು. ಗಂಡನಿಗೂ ಇಷ್ಟ. ನನಗೆ ಅಳುಕು. ಇಡಬಹುದಾ? ಅತ್ತೆಯವರು ಕರೆಯೋದು ಹೇಗೆ?
– ಓದುಗರು, ಪ್ಲಿಮತ್

ಉತ್ತರ: ಆ ನರ್ಸ್ ಅರ್ಥ ಗೊತ್ತಿದ್ದೇ ಹೇಳಿದ್ದಾರೆ ಅನ್ನಿಸುತ್ತದೆ. ಹೆಸರಿಗೆ ಇದಕ್ಕಿಂತ ಸರಿಯಾದ ಕಾರಣ ಬೇಕಾ?

ನಿಮ್ಮ ಅಳುಕು ಸುಮ್ನೆ ಅಲ್ಲ. ಪ್ಲಿಮತ್‌ನಿಂದ ಟೇಮರ್ ನದಿ ದಾಟಿದರೆ ಕಾರ್ನ್‌ವಾಲ್, ಅಲ್ಲಿ ಯಾರೂ ಹುಬ್ಬೇರಿಸಲಿಕ್ಕಿಲ್ಲ. ಲಂಡನ್ನಿಗೋ ಬೆಂಗಳೂರಿಗೋ ಬಂದರೆ ಪ್ರತಿ ಕೌಂಟರಿನಲ್ಲಿ ಅಕ್ಷರ ಬಿಡಿಸಿ ಹೇಳಬೇಕು. ಸರ್‌ನೇಮ್ ಯಾವುದು, ಹೆಸರು ಯಾವುದು ಅಂತಲೂ ಕೇಳುತ್ತಾರೆ. ಮೇಲಿನ ಪ್ರಶ್ನೆ ಓದಿದಿರಲ್ಲ. ಫೆಬ್ರುವರಿ ಬಂದಾಗ ಶಾಲೆಯಲ್ಲಿ ಒಂದಷ್ಟು ಕೀಟಲೆಯೂ ಇದ್ದದ್ದೇ. ನನ್ನನ್ನು ಕೇಳಿದರೆ ಮೊದಲ ಹೆಸರು ಕನ್ನಡದ್ದು, ನಡುವಿನ ಹೆಸರು ಲವ್‌ಡೇ. ದೊಡ್ಡವಳಾದ ಮೇಲೆ ಯಾವುದು ಬೇಕೋ ಅವಳೇ ಆರಿಸಿಕೊಳ್ಳಲಿ.

ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನದೊಳಗೆ ನೋಂದಣಿ ಆಗಬೇಕು. ನಿಮಗೆ ಇನ್ನೂ ಮೂರು ವಾರ ಇದೆ. ನೋಂದಣಿ ಆದ ಮೇಲೂ 12 ತಿಂಗಳೊಳಗೆ ಮೊದಲ ಹೆಸರನ್ನು ಬದಲಿಸಲು ಅಥವಾ ಸೇರಿಸಲು ಅವಕಾಶ ಇದೆ. ಅವಸರ ಬೇಡ.

ಇನ್ನು ಅತ್ತೆಯವರ ವಿಷಯ. ಅವರು ಅನುವಾದ ಮಾಡಿಕೊಂಡೇ ಕರೆಯಲಿ. ರಾಜಿ. ಮೈಸೂರಿನ ಬೀದಿಗೊಬ್ಬಳು ರಾಜಿ ಇರ್ತಾಳೆ, ಯಾರೂ ತಿರುಗಿ ನೋಡಲ್ಲ.