ಹದಿನೆಂಟು ತುಂಬಿದ ಮಗಳಿಗೆ ಜೀವನಾಂಶ ನಿಲ್ಲುವುದೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ಹಿಂದೂ, ವಿಚ್ಛೇದಿತೆ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125ರಡಿ ಇಬ್ಬರು ಮಕ್ಕಳಿಗೂ ತಿಂಗಳಿಗೆ ತಲಾ 4,000 ರೂಪಾಯಿ ಜೀವನಾಂಶದ ಆದೇಶವಾಗಿತ್ತು. ಮಗಳಿಗೆ ಈಗ 20 ವರ್ಷ, ಬಿ.ಎಸ್ಸಿ. ಓದುತ್ತಿದ್ದಾಳೆ, 18 ತುಂಬಿದ ದಿನದಿಂದ ಅವಳ ಹಣ ನಿಂತಿದೆ. ಡಿಪ್ಲೊಮಾ ಓದುವ ಮಗನಿಗೆ ಕಳೆದ ತಿಂಗಳು 18 ತುಂಬಿತು. ಅವನ ಹಣವೂ ಆರು ತಿಂಗಳಿಂದ ಬಂದಿಲ್ಲ. ‘ವಯಸ್ಸಿಗೆ ಬಂದರು, ನನ್ನ ಹೊಣೆ ಮುಗಿಯಿತು’ ಎನ್ನುತ್ತಾರೆ ಅವರ ತಂದೆ. ಇದು ಸರಿಯೇ?

ಉತ್ತರ: ಮಗಳ ವಿಷಯದಲ್ಲಿ ಖಂಡಿತ ಸರಿಯಲ್ಲ. ಕಲಂ 125 (2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144) ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾರದ ಮಕ್ಕಳನ್ನು ಬಿಟ್ಟರೆ ಉಳಿದವರಿಗೆ 18 ವರ್ಷದವರೆಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನಿಜ. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕಲಂ 20ರ ಪ್ರಕಾರ, ಸ್ವಂತ ದುಡಿಮೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ಅವಿವಾಹಿತ ಮಗಳನ್ನು ಪೋಷಿಸುವ ಹೊಣೆ ಅವಳ ಮದುವೆಯವರೆಗೂ ತಂದೆಯ ಮೇಲಿರುತ್ತದೆ. ಮದುವೆಯ ಯುಕ್ತ ಖರ್ಚನ್ನೂ ಕಾಯ್ದೆ ಜೀವನಾಂಶದಲ್ಲೇ ಸೇರಿಸಿದೆ. ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2020ರಲ್ಲಿ ಅಭಿಲಾಷಾ ಪ್ರಕರಣದಲ್ಲಿ ಈ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಅದನ್ನು ಕಲಂ 125ರ ಅರ್ಜಿಯಲ್ಲಿ ಅಲ್ಲ, ಕಲಂ 20ರಡಿಯೇ ಕೇಳಬೇಕೆಂದಿತು. ಆದ್ದರಿಂದ ಹಳೆಯ ಆದೇಶವನ್ನು ನೆಚ್ಚಿಕೊಳ್ಳದೆ, ಪ್ರಾಪ್ತವಯಸ್ಕಳಾದ ಮಗಳು ತನ್ನ ಹೆಸರಿನಲ್ಲೇ ಕೌಟುಂಬಿಕ ನ್ಯಾಯಾಲಯಕ್ಕೆ ಹೊಸ ಅರ್ಜಿ ಸಲ್ಲಿಸಬೇಕು. ಜೀವನಾಂಶ ಸಾಮಾನ್ಯವಾಗಿ ಅರ್ಜಿಯ ದಿನಾಂಕದಿಂದ ಸಿಗುವುದರಿಂದ, ಈಗಾಗಲೇ ಎರಡು ವರ್ಷ ಕಳೆದುಕೊಂಡ ನೀವು ಇನ್ನೊಂದು ತಿಂಗಳನ್ನೂ ಕಳೆದುಕೊಳ್ಳಬೇಡಿ. ಕಾಲೇಜಿನ ಶುಲ್ಕದ ರಸೀದಿ, ಹಾಸ್ಟೆಲ್ ಖರ್ಚಿನ ಲೆಕ್ಕ ಜೊತೆಗಿರಲಿ. ಇದೇ ಕಾಯ್ದೆ ತಾಯಿಯನ್ನೂ ಹೊಣೆಗಾರಳನ್ನಾಗಿಸುವುದರಿಂದ ನಿಮ್ಮ ಆದಾಯದ ಪ್ರಶ್ನೆ ಬರಬಹುದು. ಇದ್ದುದನ್ನು ಇದ್ದಂತೆ ತಿಳಿಸಿ.

ಮಗನ ಜೀವನಾಂಶ 18ಕ್ಕೆ ನಿಲ್ಲುತ್ತದೆ. ಓದು ಮುಗಿಯದ ಹುಡುಗನನ್ನು ಕಾನೂನು ಹೀಗೆ ಕೈಬಿಡುವುದು ನನಗೆ ನ್ಯಾಯವೆನಿಸುವುದಿಲ್ಲ. ಆದರೂ ಅವನು ಅಪ್ರಾಪ್ತನಾಗಿದ್ದಾಗಿನ ಐದು ತಿಂಗಳ ಬಾಕಿ ವಯಸ್ಸು ತುಂಬಿತೆಂದು ಅಳಿದುಹೋಗದು. ಪ್ರತಿ ತಿಂಗಳ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅದರ ವಸೂಲಿಗೆ, ಆದೇಶ ನೀಡಿದ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಕೊಡದವರನ್ನು ನ್ಯಾಯಾಲಯ ಜೈಲಿಗೆ ಕಳುಹಿಸಬಹುದು. ಜೈಲಿಗೆ ಹೋಗಿಬಂದರೂ ಬಾಕಿ ತೀರಿದಂತಾಗುವುದಿಲ್ಲ.

ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.