ಹಳೆಯ ಕಾನೂನು ಪುಸ್ತಕವೇ ಮೊದಲ ಪಾಠ

ಪ್ರಶ್ನೆ: ನಾನು ನಿವೃತ್ತ ಗ್ರಂಥಪಾಲಕ. ನಮ್ಮ ಜಿಲ್ಲೆಯ ಕಾರಾಗೃಹದ ಗ್ರಂಥಾಲಯದಲ್ಲಿ ವಾರಕ್ಕೊಂದು ದಿನ ಮಾಹಿತಿ ಸಾಕ್ಷರತೆಯ (ಬೇಕಾದ ಮಾಹಿತಿಯನ್ನು ಹುಡುಕಿ, ಅದು ನಂಬಲರ್ಹವೇ ಎಂದು ಪರೀಕ್ಷಿಸುವ) ತರಗತಿ ನಡೆಸಲು ಅನುಮತಿ ದೊರೆತಿದೆ. ಬಂದಿಗಳಿಗೆ ಇಂಟರ್ನೆಟ್ ಇಲ್ಲ. ಕಪಾಟಿನಲ್ಲಿರುವ ಕಾನೂನು ಪುಸ್ತಕಗಳು ಬಹುಪಾಲು ಹಳೆಯವು. ಎಲ್ಲಿಂದ ಆರಂಭಿಸಲಿ?

ಉತ್ತರ: ಆ ಹಳೆಯ ಪುಸ್ತಕಗಳಿಂದಲೇ ಆರಂಭಿಸಿ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತು. ಕೊಲೆಯೆಂದರೆ 302 ಎಂದು ಊರಿಗೆಲ್ಲ ಬಾಯಿಪಾಠವಾಗಿದ್ದ ಕಲಂ ಈಗ 103. ಹೊಸ ಸಂಹಿತೆಯ 302ರಲ್ಲಿರುವುದು ಧಾರ್ಮಿಕ ಭಾವನೆ ನೋಯಿಸುವ ಮಾತಿನ ಅಪರಾಧ. ಹಾಗೆಂದು ಹಳೆಯದನ್ನು ರದ್ದಿಗೆ ಹಾಕಿಸಬೇಡಿ. ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಮುದ್ರಣದ ವರ್ಷ ಎಲ್ಲಿದೆ, ಆರೋಪಪಟ್ಟಿಯಲ್ಲಿ ಘಟನೆಯ ದಿನಾಂಕ ಯಾವುದು, ಆದ್ದರಿಂದ ಯಾವ ಪುಸ್ತಕ ತೆರೆಯಬೇಕು ಎಂಬುದನ್ನು ಅವರೇ ಹುಡುಕುವಂತೆ ಮಾಡಿ.

ಮುಂದಿನ ಕೆಲವು ವಾರಗಳನ್ನು, ಬಂಧನ, ಜಾಮೀನು, ವಿಚಾರಣೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿಗೆ ಮೀಸಲಿಡಿ. ವಿಚಾರಣಾಧೀನ ಬಂದಿಯು ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು, ಹಿಂದೆಂದೂ ಶಿಕ್ಷೆಯಾಗದವನಾದರೆ ಮೂರನೇ ಒಂದರಷ್ಟನ್ನು ಬಂಧನದಲ್ಲಿ ಕಳೆದಿದ್ದರೆ ಬಿಡುಗಡೆಗೆ ಅದರಲ್ಲಿ ಅವಕಾಶವಿದೆ. ಮೂರು ವರ್ಷದ ಗರಿಷ್ಠ ಶಿಕ್ಷೆಯಿರುವ ಕಳವಿನ ಆರೋಪದಲ್ಲಿ ಎರಡನೆಯ ಲೆಕ್ಕ ಒಂದು ವರ್ಷ. ಬ್ಯಾರಕ್ಕಿನಲ್ಲಿ ಬಾಯಿಂದ ಬಾಯಿಗೆ ಹರಡುವುದು ಇಷ್ಟೇ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಿದ್ದರೆ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೆ ಈ ಅವಕಾಶವಿಲ್ಲವೆಂಬುದೂ, ಅರ್ಹರ ಪರವಾಗಿ ಕಾರಾಗೃಹ ಅಧೀಕ್ಷಕರೇ ನ್ಯಾಯಾಲಯಕ್ಕೆ ಬರೆಯಬೇಕೆಂಬುದೂ ಅದೇ ಪುಟದಲ್ಲಿರುತ್ತವೆ. ನಿಯಮಕ್ಕೆ ಷರತ್ತು ಅಥವಾ ವಿನಾಯಿತಿ ಸೇರಿಸುವ ‘ಪರಂತು’ ಎಂಬ ಪದ ಕಂಡಲ್ಲಿ ನಿಂತು ಮತ್ತೊಮ್ಮೆ ಓದುವ ಅಭ್ಯಾಸ (ನಮ್ಮಂಥ ಹೊರಗಿನವರಿಗೂ ಇದು ಕಡಿಮೆಯೇ) ಇಲ್ಲಿ ಬರಬೇಕು. ಆದರೂ ಪುಸ್ತಕವೊಂದೇ ಸಾಲದು: ಈ ಕಲಂ ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆಂದು 2024ರ ಆಗಸ್ಟಿನಲ್ಲಿ ಹೇಳಿದ್ದು ಸುಪ್ರೀಂ ಕೋರ್ಟು, ಅದು ಕಲಮಿನ ಪಠ್ಯದಲ್ಲಿ ಸಿಗದು.

ಸ್ವಾತಂತ್ರ್ಯ ದಿನಕ್ಕೆ ಎಲ್ಲರನ್ನೂ ಬಿಡುತ್ತಾರಂತೆ ಎಂಬಂಥ ಸುದ್ದಿ ಬಂದರೆ ಅಲ್ಲಗಳೆಯಲು ಆತುರಪಡಬೇಡಿ. ಆದೇಶ ಹೊರಡಿಸಿದವರು ಯಾರು, ಅದನ್ನು ಕಣ್ಣಾರೆ ಕಂಡವರಿದ್ದಾರೆಯೇ, ಅದು ಸಜಾಬಂದಿಗಳಿಗೋ ವಿಚಾರಣಾಧೀನರಿಗೋ ಎಂದು ಅವರಿಂದಲೇ ಕೇಳಿಸಿ.

ಒಂದು ಎಚ್ಚರಿಕೆ. ಯಾರ ಪ್ರಕರಣದ ವಿವರವನ್ನೂ ಎಲ್ಲರೆದುರು ಓದಿಸಬೇಡಿ, ಅಭ್ಯಾಸಕ್ಕೆ ಕಾಲ್ಪನಿಕ ಆರೋಪಪಟ್ಟಿಯನ್ನು ನೀವೇ ಬರೆದು ಒಯ್ಯಿರಿ. ‘ನನಗೆ ಜಾಮೀನು ಸಿಗುತ್ತದೆಯೇ ಸಾರ್’ ಎಂದು ಕೇಳಿದವರಿಗೆ ನೀವು ಉತ್ತರಿಸಕೂಡದು. ಬಂಧನದಲ್ಲಿರುವ ಎಲ್ಲರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಉಚಿತ ವಕೀಲರ ನೆರವುಂಟು. ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಬರೆಯುವುದನ್ನು ಕಲಿಸಿ.